ಅಷ್ಟಮಿಯ ದಿನದ ಸಮುದ್ರ

ಪ್ರತಿ ಭಾನುವಾರ ಸಂಜೆ ಜಗಲಿಯ ಮೇಲೆ ಕುಳಿತು ಸಮುದ್ರದ ವಿಷಯ ಚರ್ಚಿಸುತ್ತಿದ್ದ ಇಬ್ಬರು ಗಂಡಸರಲ್ಲಿ ಒಬ್ಬರೂ ಸಮುದ್ರ ನೋಡಿದವರಲ್ಲ. ಸತ್ಯವತಿ ಇದನ್ನು ಮೊದಲ ಭಾನುವಾರವೇ ಗಮನಿಸಿದಳು. ಕಾಫಿ ತಂದಿಟ್ಟು ಹೇಳಿಯೂಬಿಟ್ಟಳು.

"ನೋಡದೇ ಇದ್ರೇನಂತೆ?" ಎಂದರು ಅವಳ ಗಂಡ ಸೇತುರಾಮಯ್ಯ. "ಮೂವತ್ತು ವರ್ಷ ನೀರಿನ ಕೆಲಸ ಮಾಡಿದೀನಿ. ನೀರು ಎಲ್ಲಿದ್ರೂ ನೀರೇ ಕಣೇ."

ನೀರಿನ ಕೆಲಸವೆಂದರೆ ಮರಾಮತ್ತು ಇಲಾಖೆಯಲ್ಲಿ ಕೆರೆಗಳ ಓವರ್‌ಸಿಯರ್ ಕೆಲಸ. ಪಾವಗಡ, ಕೊರಟಗೆರೆ, ನಾಗಮಂಗಲ, ಚಿಂತಾಮಣಿ ಎಂದು ಹನ್ನೊಂದು ತಾಲ್ಲೂಕು, ಹನ್ನೊಂದು ಬಾಡಿಗೆ ಮನೆ. ಯಾವ ಊರಿಗೆ ವರ್ಗವಾದರೂ ಸೇತುರಾಮಯ್ಯನವರು ಮೊದಲು ಕೆರೆಯ ಏರಿ ಹತ್ತುವರು. ಗದ್ದೆಗೆ ನೀರು ಬಿಡುವ ತೂಬಿನೊಳಗೆ ಇಣುಕುವರು. ಹೆಚ್ಚಿನ ನೀರು ಹೊರಗೆ ಹರಿದುಹೋಗುವ ಕೋಡಿಯ ಕಲ್ಲಿನ ಮೇಲೆ ಉಳಿದ ಬಿಳಿಯ ಗೆರೆ ನೋಡಿ, ತುಂಬಿದರೆ ಈ ಕೆರೆ ಇಲ್ಲಿಗೆ ನಿಲ್ಲುತ್ತದೆ ಎಂದು ಬರೆದುಕೊಳ್ಳುವರು. ಆಮೇಲೆ ಮನೆಗೆ ಬಂದು "ಸಾಮಾನು ಬಿಚ್ಚಿದ್ದಾಯ್ತಾ?" ಎಂದು ಕೇಳುವರು. ಬಿಚ್ಚುತ್ತಿದ್ದವಳು ಸತ್ಯವತಿ. ಮೂರು ವರ್ಷಕ್ಕೆ ಮತ್ತೆ ಕಟ್ಟುತ್ತಿದ್ದವಳೂ ಅವಳೇ.

ರಾಜಾಜಿನಗರದ ಈ ಮನೆ ಹನ್ನೆರಡನೆಯದು, ಮತ್ತು ಸ್ವಂತದ್ದು. ಸುತ್ತ ಇನ್ನೂ ಖಾಲಿ ಸೈಟುಗಳು, ಕೆಂಪು ಧೂಳು, ಬಿದಿರಿನ ಬುಟ್ಟಿಯೊಳಗೆ ಒಣಗುತ್ತಿದ್ದ ಸಾಲುಮರದ ಸಸಿಗಳು. ಆದರೂ ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಯಾರ ಅಪ್ಪಣೆಯೂ ಬೇಡವಾದ ಮನೆ. ಬಂದ ಮೊದಲ ವಾರ ಸತ್ಯವತಿ ಏನನ್ನೂ ತೂಗುಹಾಕದಿದ್ದರೂ ಸುಮ್ಮನೆ ಆರು ಮೊಳೆ ಹೊಡೆದಿದ್ದಳು. ಮುಂದೆ ಯಾರೂ ಬೆರಳು ತೋರಿಸದಿರಲಿ ಎಂದು, ರೂಲ್ಸಿಗೆ ಹೆದರುವ ಸರ್ಕಾರಿ ನೌಕರರು ಮಾಡುವಂತೆ, ಸೇತುರಾಮಯ್ಯನವರು ಮನೆಯನ್ನು ಹೆಂಡತಿಯ ಹೆಸರಿಗೆ ಬರೆಸಿದ್ದರು. ಬರೆಸಿ ಮರೆತಿದ್ದರು.

ಕಳೆದ ನವೆಂಬರಿನಲ್ಲಿ ಕರಾವಳಿಯೂ ಸೇರಿ ಹೊಸ ಮೈಸೂರು ರಾಜ್ಯವಾಗಿ, ನಮ್ಮ ಸರ್ಕಾರಕ್ಕೊಂದು ಸಮುದ್ರ ಬಂದಿತು. ಮಾರ್ಚಿನಲ್ಲಿ ಸೇತುರಾಮಯ್ಯನವರಿಗೆ ನಿವೃತ್ತಿಯಾಯಿತು. ಎರಡನ್ನೂ ತಮಗೋಸ್ಕರವೇ ಏರ್ಪಾಡು ಮಾಡಿದ್ದಾರೆಂದು ಅವರು ತಿಳಿದರು.

ಹಾಗೆ ಶುರುವಾಯಿತು ಭಾನುವಾರಗಳ ಸಭೆ. ಸಭೆಯ ಇನ್ನೊಬ್ಬ ಸದಸ್ಯರು ಎದುರುಮನೆಯ ಗೋಪೀನಾಥ ಮೇಷ್ಟ್ರು, ಮಿಡಲ್ ಸ್ಕೂಲಿನಲ್ಲಿ ಭೂಗೋಳ ಹೇಳುವವರು. ಈ ಮನೆ ಮಾರಿ ಸೇತುರಾಮಯ್ಯನವರು ಇನ್ನು ಮುಂದೆ ಇರಬೇಕಾದದ್ದು ಸಮುದ್ರದ ದಡದಲ್ಲಿ. ಆದರೆ ಮೀನಿನ ವಾಸನೆ ಇರಕೂಡದು. ಕನ್ನಡ ನಡೆಯಬೇಕು. ಡಾಕ್ಟರಿಗೆ, ಹಲ್ಲಿಗೆ, ಪಂಚೆ ಕೊಳ್ಳುವುದಕ್ಕೆ ಒಂದು ದೊಡ್ಡ ಊರು ಒಂದೇ ಬಸ್ಸಿನ ದೂರದಲ್ಲಿರಬೇಕು.

"ಮದ್ರಾಸು?" ಎಂದರು ಮೇಷ್ಟ್ರು.

"ಬೆವರು ಒರೆಸೋಕೇ ಒಬ್ಬ ಆಳನ್ನಿಡಬೇಕು."

"ಪಾಂಡಿಚೇರಿ?"

"ಫ್ರೆಂಚರು ಹೋದ್ರು, ಬಾಟ್ಲಿ ಬಿಟ್ಟುಹೋದ್ರು. ಬೇಡ."

"ಕಾರವಾರ ಬಹಳ ಚೆನ್ನಾಗಿದೆಯಂತೆ."

"ಹತ್ತಿರದ ದೊಡ್ಡ ಊರು ಯಾವುದು ಹೇಳಿ, ಮೇಷ್ಟ್ರೇ? ಗೋವಾ. ಪೋರ್ಚುಗೀಸರ ಹತ್ರ ಹೋಗಿ ಹಲ್ಲು ಕೀಳಿಸ್ಕೊಳ್ಳಲಾ?"

ಒಳಗೆ ಅಕ್ಕಿ ಆರಿಸುತ್ತಿದ್ದ ಸತ್ಯವತಿ ಅಲ್ಲಿಂದಲೇ ಕೇಳಿದಳು: "ಇಲ್ಲಿಂದ ಮಾರ್ಕೆಟ್ಟಿಗೆ ಹೋಗೋ ಬಸ್ಸಿಗೆ ಮುಕ್ಕಾಲು ಗಂಟೆ ಕಾದು, ಬರಲಿಲ್ಲ ಅಂತ ಬೈಕೊಂಡು ವಾಪಸ್ ಬರ್ತೀರಲ್ಲ, ಅಲ್ಲಿ ಬಸ್ಸು ನಿಮ್ಮನ್ನ ಮನೆಗೇ ಬಂದು ಕರ್ಕೊಂಡು ಹೋಗತ್ತಾ?"

"ನಿನಗೆ ದೊಡ್ಡ ದೊಡ್ಡ ವಿಷಯ ಅರ್ಥ ಆಗಲ್ಲ, ಸತ್ಯಾ."

"ಹೌದು, ಸಮುದ್ರ ಬಹಳ ದೊಡ್ಡದಂತೆ" ಎಂದಳು ಸತ್ಯವತಿ.

ಹತ್ತನೆಯ ಭಾನುವಾರಕ್ಕೆ ಮಂಗಳೂರಿನ ಉತ್ತರಕ್ಕಿದ್ದ ಒಂದು ಹಳ್ಳಿ ಗೆದ್ದಿತು. ಒಬ್ಬ ವಿಧವೆಯ ಜಾಗ ಅಲ್ಲಿ ಮಾರಾಟಕ್ಕಿದೆಯೆಂದು ಹಳೆಯ ಸಹೋದ್ಯೋಗಿಯೊಬ್ಬರು ಕಾಗದ ಬರೆದಿದ್ದರು. ಅಷ್ಟು ಹೊತ್ತಿಗೆ ಈ ಮನೆಗೂ ಗಿರಾಕಿ ಬಂದಾಗಿತ್ತು. ಕಾಮಾಕ್ಷಿಪಾಳ್ಯದ ಮರಿಯಪ್ಪ, ಹೊಲ ಬಿಟ್ಟು ಇಟ್ಟಿಗೆ ಗೂಡು ಹಾಕಿಕೊಂಡವನು, ಮದುವೆಯಾಗಲಿದ್ದ ಮಗಳಿಗಾಗಿ ಮನೆ ಹುಡುಕುತ್ತಿದ್ದ. ಸತ್ಯವತಿಗೆ ಅವನ ಮೇಲೆ ಸಿಟ್ಟು ಮಾಡುವುದು ಸಾಧ್ಯವಾಗಲಿಲ್ಲ. ಈ ಮನೆ ಕಟ್ಟುವಾಗ ಗಾಡಿಯಿಂದ ಇಳಿಸಿದ ಇಟ್ಟಿಗೆಗಳಲ್ಲಿ ಅರೆಬೆಂದವನ್ನು ಯಾರೂ ಹೇಳದೆ ತಾನೇ ಆರಿಸಿ ವಾಪಸು ಒಯ್ದಿದ್ದವನು ಅವನು. ಕರಾರು ಪತ್ರಕ್ಕೆ ಸೋಮವಾರ ಸಹಿ ಎಂದು ನಿಶ್ಚಯವಾಯಿತು. ಅದಕ್ಕೆ ಮುಂಚೆ, ಅಂದರೆ ಆ ವಾರವೇ, ಜಾಗ ನೋಡಿಬರಬೇಕು.

"ಜಾಗ ಗಟ್ಟಿಯಾಗದೆ ಮನೆ ಮಾರೋದಾ?" ಎಂದು ಸತ್ಯವತಿ ಕೇಳಿದಳು.

"ಮನೆ ಕೈಲಿದ್ರೆ ಮನಸ್ಸು ಹಿಂದಕ್ಕೇ ಎಳೀತಾ ಇರತ್ತೆ. ಮಾರಿದ್ರೆ ಜಾಗ ತಾನಾಗೇ ಸಿಗತ್ತೆ."

ಸೇತುರಾಮಯ್ಯನವರು ಪಂಚಾಂಗ ತೆಗೆದು ಅಷ್ಟಮಿಯ ದಿನವನ್ನು ಆರಿಸಿದರು. ಹುಣ್ಣಿಮೆ ಅಮಾವಾಸ್ಯೆಗಳಂದು ಸಮುದ್ರ ಉಕ್ಕುತ್ತದೆ. ಅಷ್ಟಮಿಯಂದು ಎರಡಕ್ಕೂ ನಡುವೆ ಸುಮ್ಮನೆ ಬಿದ್ದಿರುತ್ತದೆ. ಅಳತೆಗೆ ಅದೇ ಸರಿಯಾದ ದಿನ. ಗೋಪೀನಾಥ ಮೇಷ್ಟ್ರು ಬಹಳ ಯೋಚಿಸಿ, ಹೌದೆಂದು ತಲೆಯಾಡಿಸಿದರು. ಅವರ ಶಾಲೆಯ ಮಕ್ಕಳನ್ನು ನೆನೆದು ಸತ್ಯವತಿಗೆ ಕನಿಕರವಾಯಿತು.

ಬೆಳಗಿನ ಜಾವ ಹತ್ತಿದ ಬಸ್ಸು ಹಾಸನ, ಸಕಲೇಶಪುರ ದಾಟಿ, ಘಾಟಿಯ ಒಂದೊಂದು ತಿರುವಿನಲ್ಲೂ ಸತ್ಯವತಿಯ ಹೊಟ್ಟೆ ತೊಳಸಿ, ದೀಪ ಹಚ್ಚುವ ಹೊತ್ತಿಗೆ ಮಂಗಳೂರಿಗೆ ತಂದು ಹಾಕಿತು. ದಾರಿಯಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬಳು ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ, ಮಾತಿಲ್ಲದೆ ಅವಳ ಮೂಗಿನ ಹತ್ತಿರ ಹಿಡಿದಳು. ತನ್ನ ಊರು ಬಂದಾಗ ಹಣ್ಣನ್ನು ಸತ್ಯವತಿಯ ಕೈಯಲ್ಲೇ ಬಿಟ್ಟು ಇಳಿದುಹೋದಳು. ಸೇತುರಾಮಯ್ಯನವರು ಕಿಟಕಿಯಾಚೆ ನೋಡುತ್ತ ಘಾಟಿಯ ಮೋರಿಗಳನ್ನು ಎಣಿಸುತ್ತಿದ್ದರು. ರಾತ್ರಿ ಛತ್ರದಲ್ಲಿ ಕಳೆದ ಮೇಲೆ, ದೊಡ್ಡ ಊರಿನಿಂದ ಆ ಒಂದೇ ಬಸ್ಸಿನ ದೂರ ಹೀಗಿತ್ತು: ಬೆಳಿಗ್ಗೆ ಒಂದು ಬಸ್ಸು, ಆಮೇಲೊಂದು ದೋಣಿ, ಅದಾದ ಮೇಲೆ ಅರ್ಧ ಮೈಲಿ ಮರಳು.

ಹನ್ನೊಂದು ಗಂಟೆಗೆ ಸಮುದ್ರ ಕಂಡಿತು. ಚೆನ್ನಾಗಿದೆ ಎಂದು ಸತ್ಯವತಿಗೆ ಒಂದು ಗಳಿಗೆ ಅನ್ನಿಸಿತು. ಅದು ಗಂಡನಿಗೆ ಗೊತ್ತಾಗದಂತೆ ಮುಖ ಬಿಗಿಹಿಡಿದಳು.

ಜಾಗದ ಒಡತಿ ಬೆಲ್ಲ ನೀರು ಕೊಟ್ಟು ಕೂರಿಸಿದಳು. ಅರವತ್ತು ದಾಟಿದ, ಬಿಸಿಲಿಗೆ ಕಪ್ಪಾದ, ಮೆಲುಮಾತಿನ ಹೆಂಗಸು. ಸೇತುರಾಮಯ್ಯನವರಿಗೆ ಕೂರುವ ವ್ಯವಧಾನವಿರಲಿಲ್ಲ. ಕೊಡೆ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ನೇರ ನೀರಿನ ಅಂಚಿಗೆ ಹೋಗಿ ಒಂದು ಗೂಟ ನೆಟ್ಟರು. ಅಲ್ಲಿಂದ ಮೇಲಕ್ಕೆ ಮೂವತ್ತು ಹೆಜ್ಜೆ ಎಣಿಸಿ, ಹಿಮ್ಮಡಿಯಿಂದ ಮರಳಿನಲ್ಲಿ ಗೆರೆ ಎಳೆದರು.

"ಇಲ್ಲಿ ಪಾಯ" ಎಂದರು. "ಹುಣ್ಣಿಮೆ ದಿನ ಗೂಟದಿಂದ ಹತ್ತು ಹೆಜ್ಜೆ ಉಕ್ಕಿದರೂ ಇನ್ನೂ ಇಪ್ಪತ್ತು ಹೆಜ್ಜೆ ನಮ್ಮದೇ. ಏನಮ್ಮಾ, ತುಂಬಿದಾಗ ಇದಕ್ಕೆ ಕೋಡಿ ಯಾವ ಕಡೆಗೆ?"

ಸತ್ಯವತಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಡತಿ ನಗಲಿಲ್ಲ. ಕೆರೆಯ ಸೀಮೆಯ ಮಾತು ಅವಳಿಗೆ ತಿಳಿಯಿತೋ ಇಲ್ಲವೋ. ತಿಳಿದಿದ್ದರೆ, ನಗದಂತೆ ತಡೆದುಕೊಳ್ಳುವ ದೊಡ್ಡತನ ಅವಳಲ್ಲಿತ್ತು.

"ಬಿಸಿಲು ಉಂಟು" ಎಂದಳು. "ಊಟ ಮಾಡಿ ಸ್ವಲ್ಪ ಮಲಗಿ. ಐದು ಗಂಟೆಗೆ ನಿಮ್ಮ ಗೂಟವನ್ನು ಒಮ್ಮೆ ನೋಡಿ ಬನ್ನಿ."

ಐದು ಗಂಟೆಗೆ ಗೂಟ ಇರಲಿಲ್ಲ. ಅದು ಇದ್ದ ಜಾಗವೂ ಕಾಣಿಸಲಿಲ್ಲ. ನೀರು ಸದ್ದಿಲ್ಲದೆ ಹದಿನೆಂಟು ಹೆಜ್ಜೆ ಮೇಲೆ ಬಂದು, ಪಾಯದ ಗೆರೆಯ ಕಡೆ ನಾಲಿಗೆ ಚಾಚುತ್ತಿತ್ತು.

"ಇವತ್ತು ಅಷ್ಟಮಿ!" ಎಂದರು ಸೇತುರಾಮಯ್ಯ, ಯಾರೋ ತಮಗೆ ಮೋಸ ಮಾಡಿದರೆಂಬಂತೆ.

"ಅಷ್ಟಮಿ ಆದ್ದರಿಂದ ಇಷ್ಟೇ" ಎಂದಳು ಒಡತಿ. "ದಿನಕ್ಕೆ ಎರಡು ಸಲ ಬರ್ತದೆ ಸಾರ್, ಎಲ್ಲಾ ದಿನವೂ. ಅಮಾವಾಸ್ಯೆಗೆ ನೀವು ಪಾಯ ಅಂದ ಜಾಗದಲ್ಲಿ ನನ್ನ ಮಗ ದೋಣಿ ಕಟ್ಟುವುದು. ಮಳೆಗಾಲದ್ದು ಕೇಳುವುದೇ ಬೇಡ. ಜಾಗ ನಾನು ಮಾರುವವಳೇ. ತೆಂಗು ಹಾಕ್ತೇನೆ ಅನ್ನುವವರಿಗೆ ಮಾರ್ತೇನೆ. ಈ ಅಮ್ಮನನ್ನು ತಂದು ಇಲ್ಲಿ ಇರಿಸ್ತೀರಿ ಅಂದರೆ ಮಾರುವುದಿಲ್ಲ. ನನಗೆ ನಿದ್ರೆ ಬರ್ಲಿಕ್ಕಿಲ್ಲ."

ಹತ್ತು ಭಾನುವಾರ, ಇಪ್ಪತ್ತು ಲೋಟ ಕಾಫಿ ಕುಡಿದು ಇಬ್ಬರು ಓದಿದ ಗಂಡಸರಿಗೆ ತಿಳಿಯದೇ ಹೋದದ್ದನ್ನು ಈ ಹೆಂಗಸು ತನ್ನ ವ್ಯಾಪಾರವನ್ನು ತಾನೇ ಕೆಡಿಸಿಕೊಂಡು ಹೇಳಿದಳು. ಹೊರಡುವಾಗ ಸತ್ಯವತಿ ಅವಳ ಕೈ ಹಿಡಿದುಕೊಂಡಳು.

ವಾಪಸು ಬರುವಾಗ ಸೇತುರಾಮಯ್ಯನವರು ಘಾಟಿಯ ಒಂದು ಮೋರಿಯನ್ನೂ ಎಣಿಸಲಿಲ್ಲ. ಇನ್ನು ಮುಗಿಯಿತು, ಮನೆ ಉಳಿಯಿತು ಎಂದು ಸತ್ಯವತಿ ಕಣ್ಣು ಮುಚ್ಚಿದಳು. ಸಕಲೇಶಪುರದಲ್ಲಿ ಬಸ್ಸು ನಿಂತಾಗ ಅವರು ಕೆಮ್ಮಿದರು.

"ಒಂದು ಏರಿ ಹಾಕಿಸಿದ್ರೆ..."

"ಸಮುದ್ರಕ್ಕಾ?"

"ಸಣ್ಣದು."

"ತೂಬೂ ಇಡಿಸಿ. ಬೇಸಿಗೇಲಿ ಗದ್ದೆಗೆ ನೀರು ಬಿಡಬಹುದು."

"ನಿನಗೆ ಎಲ್ಲಾ ತಮಾಷೆ" ಎಂದರು ಅವರು. "ಇದಾಗದಿದ್ರೆ ಇನ್ನೊಂದು ಕಡೆ. ಪಾಂಡಿಚೇರೀನ ನಾವು ಸರಿಯಾಗಿ ಯೋಚಿಸ್ಲೇ ಇಲ್ಲ. ಸೋಮವಾರದ ಸಹಿ ಸೋಮವಾರವೇ. ಮರಿಯಪ್ಪನಿಗೆ ಮಾತು ಕೊಟ್ಟಾಗಿದೆ."

ಸತ್ಯವತಿಯ ನಗು ಅಲ್ಲಿಗೆ ಮುಗಿಯಿತು. ಉಳಿದ ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಒರಳುಕಲ್ಲು ಯಾರಿಗೆ ಕೊಡುವುದು, ಉಪ್ಪಿನಕಾಯಿ ಜಾಡಿಗಳಿಗೆ ಹುಲ್ಲು ಎಲ್ಲಿ ಸಿಗುತ್ತದೆ ಎಂಬುದರವರೆಗೂ ಯೋಚನೆ ಹೋಯಿತು. ಅಭ್ಯಾಸ ಅಷ್ಟು ಕೆಟ್ಟದ್ದು.

ಸೋಮವಾರ ಹತ್ತು ಗಂಟೆಗೆ ಮರಿಯಪ್ಪ ಮಡಿ ಪಂಚೆ ಉಟ್ಟು, ಛಾಪಾ ಕಾಗದ ಹಿಡಿದು ಬಂದ. ಸಾಕ್ಷಿಗೆ ಗೋಪೀನಾಥ ಮೇಷ್ಟ್ರು. ಸಹಿ ಬೀಳಬೇಕಾದ ಜಾಗಗಳಿಗೆ ಸೇತುರಾಮಯ್ಯನವರು ಮೊದಲೇ ಪೆನ್ಸಿಲಿನಿಂದ ಗುರುತು ಹಾಕಿ, ಹೆಂಡತಿಯನ್ನು ಅಡುಗೆಮನೆಯಿಂದ ಕರೆದರು.

"ಬಾ ಸತ್ಯಾ. ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ. ಬೇಗ ಹಾಕು, ರಾಹುಕಾಲ ಕಳೆದು ಒಳ್ಳೇ ಹೊತ್ತಿದೆ."

ಅವಳು ಕೈ ಒರೆಸಿಕೊಂಡು ಲೇಖನಿ ತೆಗೆದುಕೊಂಡಳು. ಮದುವೆಯಾದಾಗಿನಿಂದ ಅವರು ಗುರುತು ಹಾಕಿದಲ್ಲೆಲ್ಲ ಸಹಿ ಹಾಕಿದ ಕೈ ಅದು, ತಾನಾಗೇ ಮುಂದೆ ಹೋಯಿತು. ಆಗ ಮರಿಯಪ್ಪ ಜಗಲಿಯ ಕೆಳಗಿನ ಮೆಟ್ಟಿಲಿನಿಂದಲೇ ಎದ್ದು ನಿಂತ.

"ಅಮ್ಮಾವ್ರೇ, ಒಂದ್ಮಾತು. ತಪ್ಪು ತಿಳೀಬ್ಯಾಡಿ. ಮನೆ ನಿಮ್ಮೆಸರಲ್ಲೈತೆ. ನಿಮಗೆ ಒಪ್ಪಿಗೆ ತಾನೇ?"

"ಅವಳದೇನಯ್ಯಾ?" ಎಂದರು ಸೇತುರಾಮಯ್ಯ. "ಎಲ್ಲಾ ಮಾತಾಡಿ ಆಗಿದೆಯಲ್ಲ."

"ನಿಮ್ಮತ್ರ ಆಗೈತೆ ಸ್ವಾಮಿ. ಅಮ್ಮಾವ್ರತ್ರ ನಾನು ಕೇಳಿಲ್ಲ. ನನ್ನ ಮಗಳು ಬಂದು ಬಾಳೋ ಮನೆ. ಅದಕ್ಕೆ ಕೇಳ್ತಾ ಇವ್ನಿ."

ಹನ್ನೊಂದು ವರ್ಗಾವಣೆಯ ಆಜ್ಞೆಗಳು ಬಂದಿದ್ದವು. ಯಾವುದರಲ್ಲೂ ಈ ಪ್ರಶ್ನೆ ಇರಲಿಲ್ಲ. ಸತ್ಯವತಿ ಮರಿಯಪ್ಪನನ್ನು ನೋಡಿದಳು. ಅವನು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದ.

"ಇಲ್ಲಪ್ಪ" ಎಂದಳು. "ನನಗೆ ಒಪ್ಪಿಗೆ ಇಲ್ಲ." ಲೇಖನಿಯ ಮುಚ್ಚಳ ಹಾಕಿ ಕಾಗದದ ಮೇಲಿಟ್ಟಳು.

ಮೇಷ್ಟ್ರು ಎದುರಿಗಿದ್ದ ತಮ್ಮ ಮನೆಯನ್ನೇ ಹೊಸದಾಗಿ ಕಂಡವರಂತೆ ನೋಡತೊಡಗಿದರು.

"ಏನೇ ಇದು!" ಸೇತುರಾಮಯ್ಯನವರ ದನಿ ಏರಿತು. "ನಿನ್ನ ಹೆಸರಿಗೆ ಬರೆಸಿದ್ದು ಬರೀ ರೂಲ್ಸಿಗೋಸ್ಕರ ಕಣೇ!"

"ನೀವು ರೂಲ್ಸು ಬಿಟ್ಟು ನಡೆದವರಲ್ಲ. ಈಗ ಯಾಕೆ ಬಿಡ್ತೀರಿ?"

"ಕೊಟ್ಟ ಮಾತು?"

"ನೀವು ಕೊಟ್ಟಿದ್ದು. ಮರಿಯಪ್ಪ, ನಿನಗೆ ತೊಂದರೆ ಆಯ್ತು. ಈ ಮಾತು ನಾನು ಮೊದಲೇ ಆಡಬೇಕಾಗಿತ್ತು."

"ಬಿಡಿ ತಾಯಿ" ಎಂದು ಅವನು ಛಾಪಾ ಕಾಗದವನ್ನು ಮಡಿಸಿದ. "ಮನಸಿಲ್ದೆ ಬಿಟ್ಟೋದ ಮನೇಲಿ ನಾನು ಮಗೀನ ಇಳಿಸಾಕಾಯ್ತದಾ? ಬ್ಯಾರೆ ಸಿಗ್ತದೆ."

"ಹಿಂದಿನ ರಸ್ತೆಯಲ್ಲಿ ವೆಂಕಟಲಕ್ಷ್ಮಮ್ಮನವರು ಮಗನ ಹತ್ರ ಮೈಸೂರಿಗೆ ಹೋಗ್ತಾ ಇದಾರೆ. ಅವರಾಗೇ ಇಷ್ಟಪಟ್ಟು ಹೋಗ್ತಾ ಇರೋದು. ಕೂತ್ಕೋ, ಕಾಫಿ ಕುಡಿ. ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ."

ಸೇತುರಾಮಯ್ಯನವರು ಕುರ್ಚಿಯಲ್ಲಿ ಕುಸಿದಿದ್ದರು. "ಹಾಗಾದ್ರೆ ನನ್ನ ಸಮುದ್ರ?" ಎಂದರು. ಅದನ್ನು ಕೇಳಿದ ರೀತಿಗೆ ಅವಳಿಗೆ ಒಂದಿಷ್ಟು ಪಾಪವೆನಿಸಿತು. ಒಂದಿಷ್ಟೇ.

"ಬೇಡ ಅಂದೋರ್ಯಾರು? ಹೋಗಿ. ದಡದ ಮೇಲೆ ಒಂದು ಕೋಣೆ ಬಾಡಿಗೆಗೆ ತೊಗೊಳ್ಳಿ. ಒಂದು ತಿಂಗಳು ಇರಿ, ವರ್ಷ ಇರಿ. ಸಾಮಾನು ನೀವೇ ಕಟ್ಟಿ, ನೀವೇ ಬಿಚ್ಚಿ. ಬೇಜಾರಾದಾಗ ಬನ್ನಿ, ನಾನು ಇಲ್ಲೇ ಇರ್ತೀನಿ."

ಅವರು ತಟ್ಟನೆ ಎದ್ದು ಒಳಗೆ ಹೋದರು. ಟ್ರಂಕು ಎಳೆದ ಸದ್ದಾಯಿತು. ಏನೋ ಬಿತ್ತು. ಆಮೇಲೆ ಒಳಗಿನಿಂದ ದನಿ ಬಂತು:

"ಸತ್ಯಾ, ಪಂಚೆಗಳನ್ನ ಕೆಳಗಿಡ್ತಾರೋ, ಮೇಲಿಡ್ತಾರೋ?"

ಸತ್ಯವತಿ ಮರಿಯಪ್ಪನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿ, ಮಗಳ ಮದುವೆ ಯಾವ ತಿಂಗಳು ಎಂದು ವಿಚಾರಿಸತೊಡಗಿದಳು.