ಹಡಗಿನವನ ಮಗಳು

ನಮ್ಮದು ಹೋಟೆಲಿನ ಬಟ್ಟೆ ಒಗೆಯೋ ಜಾಗ, ನೆಲಮಾಳಿಗೆ. ಒಂದು ಕಡೆ ಮಷಿನ್ನುಗಳು, ನಡುವೆ ಮಡಿಸೋ ಮೇಜು, ಗೋಡೆ ಪಕ್ಕ ನನ್ನ ಇಸ್ತ್ರಿ. ಗುಂಡಿ ಹೊಲಿಯೋ ಕೆಲಸಕ್ಕೆ ಒಬ್ಬ ಹುಡುಗಿ ಬಂದು ಸೇರಿದಾಗ ಅವಳ ಬಲಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಸೊಂಟದ ಮೇಲೆ ಮಗಳು. ನಾವು ಏನೂ ಕೇಳಲಿಲ್ಲ. ಮಗು ಟವೆಲ್ ರಾಶಿ ಮೇಲೆ ಮಲಗುತ್ತಿತ್ತು. ಚುಕ್ಕಿ ಅಂತ ಕರೆಯುತ್ತಿದ್ದೆವು.

ಕ್ರಮೇಣ ಅವಳೇ ಹೇಳಿದಳು. ಒಬ್ಬನ ಜೊತೆ ಮದುವೆ ಆಗದೆ ಬಾಳಿದ್ದಳು. ಬಸುರಾದಾಗ ಅವನು "ನಂದಲ್ಲ" ಅಂದ. ಹೆತ್ತ ಮೇಲೆ ಬಡಿದ. ಒಂದು ದಿನ, ಅವಳ ಬಾಯಿ ಮುಚ್ಚಿಸೋಕೆ, ಕೂಸನ್ನ ಬಾಲ್ಕನಿ ಕಂಬಿಯಾಚೆ ಹಿಡಿದ. ಅವತ್ತೇ ಹೊರಟುಬಂದಳು. ಈಗ ಅವನೇ ಕೋರ್ಟಿಗೆ ಹೋಗಿದ್ದ, ಮಗು ನಂದು, ನನಗೆ ಕೊಡಿಸಿ ಅಂತ.

ವಕೀಲಮ್ಮನ ಹತ್ತಿರ ಅವಳ ಜೊತೆ ನಾನೂ ದೊಡ್ಡಕ್ಕನೂ ಹೋಗಿದ್ದೆವು. ದೊಡ್ಡಕ್ಕ ಅಂದರೆ ಮಷಿನ್ ನೋಡಿಕೊಳ್ಳೋಳು, ಧ್ವನಿಯೂ ಮಷಿನ್ನಿನದೇ.

"ಮದುವೆ ಆಗಿಲ್ಲ, ಹಾಗಾಗಿ ಮಗು ಸದ್ಯ ನಿನ್ನ ಹತ್ತಿರಾನೇ. ಅವನು ಅಪ್ಪ ಅಂತ ಮೊದಲು ಸಾಬೀತಾಗಬೇಕು, ಆಮೇಲೆ ಮಿಕ್ಕಿದ್ದು. ನೀನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳು" ಅಂದರು ವಕೀಲಮ್ಮ.

ದೊಡ್ಡಕ್ಕ ಮೊದಲರ್ಧ ಮಾತ್ರ ಗಂಟು ಕಟ್ಟಿಕೊಂಡು ಬಂದಳು. "ಅವನು ಅಪ್ಪನೇ ಅಲ್ಲ ಅಂದ್ಬಿಟ್ರೆ ಕೇಸೇ ಬಿದ್ದೋಯ್ತು" ಅಂತ ಎಲ್ಲರಿಗೂ ಹೇಳಿದಳು. ಹಾಗಾದರೆ ಅಪ್ಪ ಯಾರು ಅಂತ ಹೇಳಬೇಕು ಅನ್ನೋದನ್ನ ಮಾತ್ರ ಯಾರೂ ಕೂತು ಮಾತಾಡಿಕೊಳ್ಳಲಿಲ್ಲ.

ಮಗು ಹೇಗಿದೆ ಅಂತ ನೋಡೋಕೆ ಕೋರ್ಟಿನವರು ಒಬ್ಬ ಹೆಂಗಸನ್ನ ಕಳಿಸಿದರು.

"ಅದರಪ್ಪ ಹಡಗಿನವನು ಕಣಮ್ಮ" ಅಂದಳು ದೊಡ್ಡಕ್ಕ, ಕೇಳೋ ಮೊದಲೇ. "ಸಮುದ್ರದ ಮೇಲಿದಾನೆ. ಚುಕ್ಕೀನ ಬೇಕಾದ್ರೆ ಕೇಳಿ, ಹಡಗು ಅನ್ನುತ್ತೆ."

ಆಯಮ್ಮ ಮೇಜಿನ ಹತ್ತಿರ ಬಂದು, ಮಗುವಿನ ಅಪ್ಪ ಎಲ್ಲಿ ಅಂತ ಕೇಳಿದರು. ಅಲ್ಲಿ ದೊಡ್ಡಕ್ಕನ ನಾದಿನಿ ದುಪ್ಪಟಿ ಮಡಿಸುತ್ತಿದ್ದಳು. ಮಷಿನ್ ಸದ್ದಿಗೆ ಅವಳಿಗೆ ಏನೂ ಕೇಳಿರಲಿಲ್ಲ. "ಪಾಪ, ಸತ್ತುಹೋದ. ಲಾರಿ ಹಾಯ್ತು" ಅಂತ ಸೆರಗಲ್ಲಿ ಕಣ್ಣು ಒರೆಸಿಕೊಂಡಳು.

ಮೂಟೆ ಹೊತ್ತುಕೊಂಡು ಒಳಗೆ ಬಂದ ವ್ಯಾನ್ ಡ್ರೈವರ್. "ಯಾರು, ಚುಕ್ಕಿ ಅಪ್ಪನಾ? ಬೇಕರೀಲಿದಾನೆ. ನಿನ್ನೆ ಕೂಡ ಸಿಕ್ಕಿದ್ದ."

ಆಯಮ್ಮ ಪೆನ್ನು ಕೆಳಗಿಟ್ಟರು. "ಒಟ್ಟು ಎಷ್ಟು ಜನ ಅಪ್ಪಂದಿರು?"

ಆಮೇಲೆ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. "ಸುಳ್ಳು ಹೇಳ್ಸೋ ತಾಯಿ ಅಂತ ನಾನು ಬರೆದ್ರೆ ಮಗು ಎಲ್ಲಿ ಹೋಗತ್ತೆ, ಯೋಚ್ನೆ ಮಾಡಿದೀರಾ?"

ಹುಡುಗಿ ಸೂಜಿಯನ್ನ ಬಟ್ಟೆಗೆ ಚುಚ್ಚಿ ನನ್ನ ಕಡೆ ನೋಡಿದಳು. "ತಾತ, ಏನ್ ಹೇಳ್ಲಿ?"

"ನನ್ನ ಕೇಳಬೇಡ ಮಗಳೇ. ಆ ಮನೇಲಿ ಇದ್ದೋಳು ನೀನು."

ಅವಳು ಆಯಮ್ಮನ ಎದುರು ಬಂದು ನಿಂತಳು. "ಕೋರ್ಟಿಗೆ ಹೋಗಿರೋನೇ ಅಪ್ಪ. ಪರೀಕ್ಷೆ ಮಾಡಿಸ್ಲಿ, ಬೇಡ ಅನ್ನಲ್ಲ. ಇವರಿಗೆ ನಾನು ಹೇಳ್ಕೊಟ್ಟಿಲ್ಲ, ನನ್ನ ಮೇಲಿನ ಪ್ರೀತಿಗೆ ಹಾಗಂದ್ರು. ಈ ಬೆರಳು ಅವನು ಬಾಗಿಲಲ್ಲಿ ಒತ್ತಿದ್ದು, ಆಸ್ಪತ್ರೆಯವರಿಗೆ ಗೊತ್ತು. ಬಾಲ್ಕನಿ ವಿಷಯ ಕೆಳಗಿನ ಮನೆಯವರನ್ನ ಕೇಳಿ, ಅವರೇ ಕೈ ಚಾಚಿಕೊಂಡು ನಿಂತಿದ್ರು, ಬಿದ್ರೆ ಹಿಡ್ಯೋಣ ಅಂತ."

ಆಯಮ್ಮ ಸುಮಾರು ಹೊತ್ತು ಬರೆದುಕೊಂಡರು. ಹೋಗುವಾಗ ದೊಡ್ಡಕ್ಕನಿಗೆ, "ಇನ್ಮೇಲೆ ಬಟ್ಟೆ ಮಾತ್ರ ತೊಳೀರಿ" ಅಂದರು.

ಕೆಳಗಿನ ಮನೆಯವರು ಬಂದು ಸಾಕ್ಷಿ ಹೇಳಿದರು. ಪರೀಕ್ಷೆಯಲ್ಲಿ ಅವನೇ ಅಪ್ಪ ಅಂತ ಬಂತು. ಆದರೂ ಮಗು ತಾಯಿ ಹತ್ತಿರವೇ ಇರಲಿ ಅಂತ ತೀರ್ಪಾಯಿತು. ವಾರಕ್ಕೊಂದು ಸಲ ಅವನು ನೋಡಬಹುದು. ಅದೂ ಒಂದು ಕಚೇರಿಯ ಕೋಣೆಯಲ್ಲಿ, ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಅವಳ ಮನೆ ಎಲ್ಲಿ ಅಂತ ಅವನಿಗೆ ತಿಳಿಸುವ ಹಾಗಿಲ್ಲ.

ಈಗ ಚುಕ್ಕಿ ಚೆನ್ನಾಗಿ ಮಾತಾಡುತ್ತೆ. ಪ್ರತಿ ವಾರ ಆ ಕಚೇರಿಗೆ ನಾನು ಅವರಿಬ್ಬರ ಜೊತೆ ಹೋಗುತ್ತೇನೆ. ಹುಡುಗಿ ಹೊರಗಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ, ಬಾಗಿಲು ತೆಗೆಯೋ ತನಕ.

ಹೋದ ವಾರ ಮಗು ಹೊರಗೆ ಬಂದು ಹೇಳಿತು, "ಅಮ್ಮ, ಅಪ್ಪ ಕೇಳಿದ್ರು, ನಿಮ್ಮನೆ ಎಲ್ಲಿ ಪುಟ್ಟಾ ಅಂತ."

ಹುಡುಗಿ ಬೆಂಚಿನಿಂದ ಎದ್ದಳು. "ನೀನೇನಂದೆ?"

"ಹಡಗಲ್ಲಿ ಅಂದೆ. ಯಾರು ಕೇಳಿದ್ರೂ ಹಾಗನ್ನು ಅಂತ ದೊಡ್ಡಕ್ಕ ಹೇಳ್ಕೊಟ್ಟಿದ್ಲಲ್ಲ."

ಹುಡುಗಿ ಮಗುವನ್ನ ಎತ್ತಿಕೊಂಡಳು. ಬೀದಿ ತಿರುಗೋ ತನಕ ಬಿರಬಿರನೆ ನಡೆದಳು. ಆಮೇಲೆ, "ತಾತ, ದೊಡ್ಡಕ್ಕನಿಗೆ ಇದನ್ನ ಹೇಳ್ಬೇಡಿ, ಇನ್ನೊಂದು ಕಥೆ ಶುರು ಮಾಡ್ತಾಳೆ" ಅಂದಳು.