ಅನ್ಸೆಲ್ಮೊ ಬೆಸೆದ ಬ್ಯಾಟರಿ

ಪುಟ್ಟ ಕಂಪ್ಯೂಟರಿನಿಂದ ತೆಬಾನ್ ಬಿಚ್ಚುತ್ತಿದ್ದ ಮೂರನೆಯ ಸ್ಕ್ರೂ ಕೈಜಾರಿ ಶವಪೆಟ್ಟಿಗೆಯ ಅಡಿಗೆ ಉರುಳಿತು.

"ಪೊರಕೆ ತರ್ಲಾ?" ಎಂದು ಹೆಣ ಕಾಯುತ್ತಾ ಇಸ್ಪೀಟು ಆಡುತ್ತಿದ್ದವನೊಬ್ಬ ಕೇಳಿದ.

"ಹೆಣ ಮನೇಲಿರುವಾಗ ಗುಡಿಸ್ತಾರೇನೋ, ಬುದ್ಧಿಗೇಡಿ! ಇನ್ನೊಬ್ಬರನ್ನೂ ಗುಡಿಸಿ ಕಳಿಸೋಣ ಅಂತಲಾ?" ಎಂದು ಸತ್ತವನ ತಂಗಿ ಫ್ಲೋರಿದಾ ಗದರಿದಳು. ಆಮೇಲೆ ದನಿ ತಗ್ಗಿಸಿ, "ಅತ್ತಿಗೇ, ಆ ಹಾಳು ಯಂತ್ರಾನ ಅಣ್ಣನ ಪಕ್ಕದಲ್ಲೇ ಇಟ್ಟು ಕಳಿಸಿಬಿಡು" ಎಂದಳು.

"ಇಲ್ಲ. ಅವರು ಹೊಸ್ತಿಲು ದಾಟುವಾಗ ಅದು ಹಾಡಬೇಕು" ಎಂದಳು ಸತ್ತವನ ಹೆಂಡತಿ ಪುರಿಸೀಮಾ.

ಪೆಟ್ಟಿಗೆಯಲ್ಲಿ ಮಲಗಿದ್ದ ಅನ್ಸೆಲ್ಮೊ ಕಿಯಾಪೊ ಪೇಟೆಯ ಗಲ್ಲಿಯಲ್ಲಿ ಜೀವಮಾನವಿಡೀ ಹಳೆಯ ಕಂಪ್ಯೂಟರುಗಳ ಹೊಟ್ಟೆ ಬಗೆದವನು. ಒಳಗಿನ ಬ್ಯಾಟರಿ ಸೋರಿ ಹಸಿರುಗಟ್ಟಿದ್ದ ಸರ್ಕಿಟ್ ಹಲಗೆಗಳನ್ನು ವಿನೆಗರ್ ಹಾಕಿ ಉಜ್ಜುತ್ತಿದ್ದ. ಮೊದಲು ಬ್ಯಾಟರಿ ಕೀಳಿ, ಆಮೇಲೆ ಮಾತು ಎಂದು ಗಿರಾಕಿಗಳನ್ನು ಬೈಯುತ್ತಿದ್ದ. "ಅಷ್ಟು ವಿನೆಗರ್ ಕುಡಿದ ಕೈ ಅದು, ಮಣ್ಣಲ್ಲೂ ಕೆಡಲ್ಲ ಬಿಡ್ರಪ್ಪ" ಎಂದು ಇಸ್ಪೀಟಿನವರು ನಕ್ಕರು. ಪುರಿಸೀಮಾಳಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕಣ್ಣೀರು ಪೆಟ್ಟಿಗೆಯ ಗಾಜಿನ ಮೇಲೆ ಬಿದ್ದರೆ ಸತ್ತವರ ದಾರಿ ಭಾರವಾಗುತ್ತದೆಂದು ಅವಳು ಹಿಂದೆ ಸರಿದಳು.

ಆ ಮಾತನ್ನು ಅವನು ಒಂದೇ ಒಂದು ಯಂತ್ರದ ವಿಷಯದಲ್ಲಿ ಮಾತ್ರ ಪಾಲಿಸಿರಲಿಲ್ಲ. ಅದೇ ಈಗ ಮೇಜಿನ ಮೇಲಿತ್ತು. ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಪುಟ್ಟದು. ಅದರ ನೆನಪೆಲ್ಲ ಒಳಗಿನ ಬ್ಯಾಟರಿಯ ಆಸರೆಯಲ್ಲಿ ನಿಂತಿತ್ತು. ಬ್ಯಾಟರಿ ಕಿತ್ತರೆ ಮಗನ ರಾಗ ಹೋಗುತ್ತದೆ, ಬಿಟ್ಟರೆ ಹಲಗೆ ಕೊಳೆಯುತ್ತದೆ.

*

ಮಗ ರೋಯ್ಲಾನ್ ಅದರಲ್ಲಿ ಒಂದು ರಾಗ ಕೂಡಿಸಿದ್ದ. ನಡುವೆ ಒಂದು ಕಡೆ ಸ್ವರ ತಪ್ಪುತ್ತಿತ್ತು. "ತಿದ್ದೋ" ಎಂದರೆ, "ಅದು ಹಾಗೇ ಇರ್ಲಿ ಅಮ್ಮ, ನಂದು ಅಂತ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದ. ಆ ಮಳೆಗಾಲ ಡೆಂಗಿ ಜ್ವರ ಅವನನ್ನು ಕೊಂಡೊಯ್ಯಿತು. ಅಂದಿನಿಂದ ಪ್ರತಿವರ್ಷ ಅವನು ತೀರಿಕೊಂಡ ದಿನ ಅನ್ಸೆಲ್ಮೊ ರಾಗ ನುಡಿಸುತ್ತಿದ್ದ.

ಒಂದು ವರ್ಷ ರಾಗ ಎಲ್ಲೂ ಎಡವದೆ ನೀಟಾಗಿ ಬಂತು.

ಪುರಿಸೀಮಾ ಇಸ್ತ್ರಿ ಮಾಡುತ್ತಿದ್ದಳು. ಕೈ ನಿಂತಿತು. ಗಂಡ ಅವಳ ಮುಖ ನೋಡಲಿಲ್ಲ. ಬ್ಯಾಟರಿ ಬದಲಿಸಲು ಹೋಗಿ ರಾಗ ಕಳೆದುಕೊಂಡು, ನೆನಪಿನಿಂದ ತಾನೇ ಮತ್ತೆ ಕೂಡಿಸಿದ್ದಾನೆಂದು ಅವಳಿಗೆ ತಿಳಿಯಿತು. ತಪ್ಪೊಂದನ್ನು ಮಾತ್ರ ಮರೆತಿದ್ದ. ಚೀರಿ ಅವನ ಅಂಗಿ ಹರಿಯಬೇಕೆನಿಸಿತು. "ಚೆನ್ನಾಗಿದೆ" ಎಂದಳು. ಆಮೇಲೆ ಅದರ ಮಾತು ಇಬ್ಬರೂ ಎತ್ತಲಿಲ್ಲ.

*

ತೆಬಾನ್ ಯಂತ್ರದ ಮುಚ್ಚಳ ತೆರೆದು ಒಳಗಿನ ಬೆಸುಗೆಯನ್ನು ಬೆರಳಲ್ಲಿ ಸವರಿದ. ಅವನೂ ರಿಪೇರಿಯವನೇ, ರೋಯ್ಲಾನನ ಜ್ಞಾನಸ್ನಾನಕ್ಕೆ ಜ್ಞಾನತಂದೆಯಾಗಿ ನಿಂತವನು. ಅದಕ್ಕೇ ಅವನು ಪುರಿಸೀಮಾಳನ್ನು ಮಾರೆ ಎಂದೂ ಅವಳು ಅವನನ್ನು ಪಾರೆ ಎಂದೂ ಕರೆಯುತ್ತಿದ್ದರು.

"ಇದು ಕಂಪನಿ ಬ್ಯಾಟರಿ ಅಲ್ಲ, ಮಾರೆ. ಬೆಸುಗೆ ಅನ್ಸೆಲ್ಮೊಂದು. ಹಂಗಾದ್ರೆ ಹುಡುಗನ ರಾಗ..."

"ಗೊತ್ತು."

"ಗೊತ್ತಿದ್ದೂ?"

"ನನಗೋಸ್ಕರ ಅವರು ಕಟ್ಟಿದ ಸುಳ್ಳು ಅದು. ನನಗೆ ಉಳಿದಿರೋದು ಅಷ್ಟೇ. ಉಳಿಸಿಕೊಡು, ಪಾರೆ."

"ಇದೂ ಸೋರಿದೆ, ಬ್ಯಾಟರಿ ಕಾಲು ತುಕ್ಕು ತಿಂದು ಹೋಗಿದೆ. ಹೊಸದರ ಎರಡೂ ತಂತಿ ಬೆಸೆದ ಮೇಲೇ ಹಳೇದನ್ನ ಕೀಳಬೇಕು. ನಡುವೆ ಕೈ ತಪ್ಪಿದ್ರೆ ರಾಗ ಮುಗೀತು. ಕರೆಂಟೂ ಇಲ್ಲ. ನಾಳೆ ಅಂಗಡೀಲಿ ಮಾಡ್ತೀನಿ."

"ನಾಳೆ ಅವರಿರಲ್ಲ!" ಎಂದು ಅವಳು ಕೂಗಿಬಿಟ್ಟಳು. ಇಸ್ಪೀಟು ನಿಂತಿತು.

ಕಾಫಿ ಕುದಿಯುತ್ತಿದ್ದ ಇದ್ದಿಲ ಒಲೆಯಲ್ಲಿ ತೆಬಾನ್ ಬೆಸುಗೆ ಕಡ್ಡಿಯನ್ನು ಕಾಯಿಸಿದ. ಹೊರಗೆ ಶವದ ಗಾಡಿ ಹಾರನ್ ಹೊಡೆಯಿತು. ಒಂದು ತಂತಿ ಕೂತಿತು. ಎರಡನೆಯದಕ್ಕೆ ಕಡ್ಡಿ ತಾಗಿದ್ದೇ ತಡ, ಹಳೆಯ ಬ್ಯಾಟರಿಯ ಕಾಲು ಹಸಿರು ಹುಡಿಯಾಗಿ ಉದುರಿತು.

ಅವನು ತಂತಿ ಬೆಸೆದು ಹೊಸ ಬ್ಯಾಟರಿಯ ಬಲದಲ್ಲಿ ಯಂತ್ರ ಹಚ್ಚಿದ. ಪರದೆ ಬೆಳಗಿತು. ಆದರೆ ಅದರಲ್ಲಿ ಏನೂ ಇರಲಿಲ್ಲ.

"ಕೊಂದುಬಿಟ್ಟೆ. ನಾನೇ ಕೊಂದೆ" ಎಂದ ತೆಬಾನ್.

"ಅವಸರ ಮಾಡಿದ್ದು ನಾನು" ಎಂದಳು ಪುರಿಸೀಮಾ. ಫ್ಲೋರಿದಾ ಬಂದು ಅವಳ ಭುಜ ಹಿಡಿದಳು.

ತೆಬಾನ್ ಕಣ್ಣೊರೆಸಿಕೊಂಡು ಯಂತ್ರವನ್ನು ಎದುರಿಗೆ ಎಳೆದುಕೊಂಡ. "ನೀನು ಗುನುಗು, ಮಾರೆ. ನಾನು ಒಂದೊಂದೇ ಸ್ವರ ಒತ್ತಿ ಕೂಡಿಸ್ತೀನಿ. ಹುಡುಗಂದೇ ಹಾಡು, ತಪ್ಪಿನ ಸಮೇತ."

ಹೊರುವವರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲ ಬಳಿ ನಿಂತರು. ಪುರಿಸೀಮಾ ಗುನುಗಿದಳು. ತೆಬಾನನ ಬೆರಳು ಹಿಂದೆಯೇ ಓಡಿತು. ನಡುವಿಗೆ ಬಂದಾಗ ಅವಳ ದನಿ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು, ಅಲ್ಲೇ ನಿಂತಳು. ಇಷ್ಟು ವರ್ಷ ಕೇಳಿದ ಗಂಡನ ರಾಗ ಮಗನ ರಾಗದ ಮೇಲೆ ಕೂತುಬಿಟ್ಟಿತ್ತು. ಮಗ ಎಲ್ಲಿ ತಪ್ಪುತ್ತಿದ್ದ?

"ಹೇಳು, ಮಾರೆ" ಎಂದ ತೆಬಾನ್, ಬೆರಳೆತ್ತಿ ಹಿಡಿದು.

ಪೆಟ್ಟಿಗೆಯ ಕೆಳಗೆ ಹೊರುವವರು ಹೆಗಲು ಬದಲಿಸಿದರು. ಅವಳು ಬಾಯಿ ತೆರೆದುಕೊಂಡೇ ಆ ಬೆರಳನ್ನು ನೋಡುತ್ತಿದ್ದಳು.