ಕೊಂಬೆ ಕುಶಾಲಪ್ಪ

ಮರ ಕೊಯ್ಯಲು ಬಂದ ನಂದೀಶ ಮಿಷನ್ನಿನ ಹಗ್ಗ ಎಳೆದ. ಅದು ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ಎಳೆದದ್ದೇ ಗರ್‌ರ್ ಎಂದು ಹೊರಟ ಸದ್ದಿಗೆ, ಜಗಲಿಯಲ್ಲಿ ಗಂಡ ಕುಶಾಲಪ್ಪನ ಹೆಣದ ಪಕ್ಕ ಕೂತಿದ್ದ ಪ್ರೇಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೇಬಿಟ್ಟಳು.

"ನಿಲ್ಸು ಅದನ್ನ! ಯಾರು ಹೇಳಿದ್ದು ಕಡಿಲಿಕ್ಕೆ?"

"ನಾನೇ, ಅತ್ತಿಗೆ." ಮೈದುನ ತೀರ್ಥಪ್ರಸಾದನ ಕಣ್ಣು ಅತ್ತೂ ಅತ್ತೂ ಊದಿತ್ತು. "ನಮ್ಮ ಕಡೆ ಯಾರು ಸತ್ರೂ ಒಂದು ಮಾವಿನ ಮರ ಬೀಳ್ತದೆ. ಅಣ್ಣನಿಗೆ ಬೀಳದಿದ್ರೆ ಹೇಗೆ? ನಾಲ್ಕು ಕಡ್ಡಿ ಒಟ್ಟಿ ಸುಟ್ರು ಅಂತ ಜನ ಆಡಿಕೊಳ್ಳೋದಿಲ್ವಾ?"

"ಆಡಿಕೊಳ್ಳಲಿ. ಅವರು ಕೊಡ್ತಾ ಇದ್ದದ್ದು ಒಂದು ಕೊಂಬೆ. ಅವರಿಗೂ ಒಂದೇ ಕೊಂಬೆ. ಬುಡಕ್ಕೆ ಕೈ ಹಾಕಿದ್ರೆ ನೋಡು!"

ಆ ಮರವೇನು ಸಾಮಾನ್ಯದ್ದೇ? ಅಂಗಳದ ಅಂಚಿನ ಕಾಡುಮಾವು. ಅದರ ಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಮೆತ್ತಗಾಗುತ್ತಿರಲಿಲ್ಲ. ಹಣ್ಣಿನ ಸಾರು ಉಂಡವರು ಬೆರಳು ನೆಕ್ಕದೆ ಕೈ ತೊಳೆದದ್ದನ್ನು ಸಂಪಾಜೆಯಲ್ಲಿ ಯಾರೂ ಕಂಡಿಲ್ಲ.

* * *

ಬಹಳ ಹಿಂದೆ ನೆರೆಮನೆಯ ಕುಟ್ಟಪ್ಪನ ತಾಯಿ ತೀರಿಕೊಂಡಾಗ ಅವನ ಜಾಗದಲ್ಲಿ ಮಾವು ಇರಲಿಲ್ಲ. ಮರ ಕೇಳಲು ಬಂದ. ಕುಶಾಲಪ್ಪ ತಾನೇ ಹತ್ತಿ, ದಪ್ಪದ್ದೊಂದು ಕೊಂಬೆ ಕಡಿದುಕೊಟ್ಟು, ಮರದ ಗಾಯಕ್ಕೆ ಸಗಣಿ ಮೆತ್ತಿ ಇಳಿದ.

"ಮರ ಕೇಳಿದ್ರೆ ಕೊಂಬೆ ಕೊಡ್ತೀಯಲ್ಲ, ಜಿಪುಣ!"

"ಸುಡ್ಲಿಕ್ಕೆ ಅಷ್ಟು ಸಾಕು. ಉಳಿದದ್ದು ತಿನ್ಲಿಕ್ಕೆ ಬೇಕು, ಮಾರಾಯ."

ಕುಟ್ಟಪ್ಪ ನುಂಗಿಕೊಂಡ. ಆದರೆ ತಿಥಿ ಮುಗಿದ ಮರುದಿನವೇ ಕುಶಾಲಪ್ಪ ಅದೇ ಮರದ ಗೊರಟಿನ ಸಸಿ ಹಿಡಿದು ಅವನ ಅಂಗಳಕ್ಕೆ ಬಂದಾಗ ಮಾತ್ರ ತಡೆಯಲಾಗಲಿಲ್ಲ.

"ಸೂತಕ ಕಳೆದು ಒಂದು ದಿನ ಆಗಿಲ್ಲ, ಮುಂದಿನ ಸಾವಿಗೆ ಸೌದೆ ನೆಡ್ಲಿಕ್ಕೆ ಬಂದೆಯಾ? ಥೂ!"

ಕುಶಾಲಪ್ಪ ನಕ್ಕು, ಗುಂಡಿ ತೋಡಿ, ನೆಟ್ಟೇ ಹೋದ. ಆಮೇಲೆ ಯಾವ ಮನೆಯಲ್ಲಿ ಸಾವಾದರೂ ಅದೇ ಪದ್ಧತಿ: ಮೊದಲು ಕೊಂಬೆ, ಆಮೇಲೆ ಸಸಿ. ಜನ ಅವನನ್ನು ಕೊಂಬೆ ಕುಶಾಲಪ್ಪ ಅಂತಲೇ ಕರೆದರು. ಆ ಹೆಸರಿಗೆ ಅವನು ಓಗೊಡುತ್ತಲೂ ಇದ್ದ.

* * *

ನಂದೀಶ ಕೊಯ್ದ ಒಂದೇ ಕೊಂಬೆ ಮಿಡಿಗಳ ಸಮೇತ ಕೆಳಗೆ ಬಿತ್ತು. ಹೆಂಗಸರು ಮಿಡಿ ಆರಿಸಿ ಬುಟ್ಟಿಗೆ ತುಂಬಿದರು. ಅಂಗಳದಾಚೆ ಒಣ ಕಾಫಿ ಸೌದೆಯ ಮೇಲೆ ಕೊಂಬೆಯ ತುಂಡುಗಳನ್ನು ಜೋಡಿಸಿ ನೋಡಿದರೆ ಚಿತೆ ಮಂಡಿಯೆತ್ತರಕ್ಕೂ ಬರಲಿಲ್ಲ.

"ನೋಡಿದ್ರಾ, ಅತ್ತಿಗೆ?" ತೀರ್ಥಪ್ರಸಾದ್ ಮಿಷನ್ನನ್ನು ತಾನೇ ಎತ್ತಿಕೊಂಡ. "ಊರಿನ ಎದುರು ಅಣ್ಣನ ಮರ್ಯಾದೆ ಕಳೀಬೇಡಿ."

ಪ್ರೇಮಾವತಿ ಆ ಗಿಡ್ಡ ಚಿತೆಯನ್ನೇ ನೋಡಿದಳು. ಹಟ ಮಾಡಿ ನಾನೇ ಅವರನ್ನು ಸಣ್ಣವರನ್ನಾಗಿ ಮಾಡಿದೆನೋ ಏನೋ. ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು ಜಗಲಿಯ ಅಂಚಿನಲ್ಲಿ ಕೂತಳು.

ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಏದುಸಿರು ಬಿಡುವುದು ಕೇಳಿಸಿತು. ಕುಟ್ಟಪ್ಪ. ಈ ವಯಸ್ಸಿನಲ್ಲೂ ಹೆಗಲ ಮೇಲೊಂದು ಮಾವಿನ ಕೊಂಬೆ!

"ಸೊಂಟ ಮುರೀತು, ಪ್ರೇಮಕ್ಕ. ಇಳಿಸ್ಲಿಕ್ಕೆ ಯಾರಾದ್ರೂ ಬನ್ನಿ." ಕೊಂಬೆ ಇಳಿಸಿ, ಜಗಲಿಯತ್ತ ತಿರುಗಿ ಜೋರಾಗಿಯೇ ಅಂದ: "ಏ ಜಿಪುಣ, ಮುಂದಿನ ಸಾವಿಗೆ ಸೌದೆ ಅಂತ ಬೈದಿದ್ದೆನಲ್ಲ, ನಿನಗೇ ಆಯ್ತಲ್ಲೋ!" ನಗಲು ಹೋದವನು ಅತ್ತುಬಿಟ್ಟ.

ಅವನ ಹಿಂದೆ ತೋಟದಾಳುಗಳ ಲೈನ್ ಮನೆಯ ಮಾರಿ ಇನ್ನೊಂದು ಕೊಂಬೆ ಹೊತ್ತು ತಂದ. ಅವನ ಹೆಂಡತಿ ತೀರಿಕೊಂಡಾಗ ಇಲ್ಲಿಂದ ಹೋದ ಸಸಿಯ ಕೊಂಬೆ ಅದು. ರಸ್ತೆಯಲ್ಲಿ ಜೀಪೊಂದು ಕೊಂಬೆ ಎಳೆದುಕೊಂಡು ಬರುವ ಸದ್ದು. ಅದರ ಹಿಂದೆ ಇನ್ನೊಂದು ಜೀಪು.

"ನೀವೆಲ್ಲ ಮರ ಕಡಿದು ಬಂದ್ರಾ?" ತೀರ್ಥಪ್ರಸಾದ್ ಕೇಳಿದ.

"ಮರ ಯಾಕೆ ಕಡೀಲಿ? ಅವನು ಎದ್ದು ಬಂದು ಬೈತಾನೆ," ಅಂದ ಕುಟ್ಟಪ್ಪ. "ಕೊಂಬೆ ಮಾತ್ರ. ಸಗಣಿ ಮೆತ್ತಿಯೇ ಬಂದದ್ದು."

ಚಿತೆ ಮಂಡಿ ದಾಟಿತು, ಸೊಂಟ ದಾಟಿತು. ಮಾವಿನ ಸೊನೆಯ ವಾಸನೆ ಅಂಗಳವೆಲ್ಲ ತುಂಬಿತು. ಪ್ರೇಮಾವತಿ ಗಂಡನ ತಲೆಯ ಹತ್ತಿರ ಹೋಗಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಆ ಹೊತ್ತಿಗೆ ಅವಳಿಗೆ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

"ಎತ್ತುವಾ?" ಎಂದರು ಯಾರೋ.

"ಸ್ವಲ್ಪ ತಡೀರಿ." ತೀರ್ಥಪ್ರಸಾದ್ ಮಿಷನ್ನನ್ನು ನಂದೀಶನ ಕೈಗಿಟ್ಟು ಕೊಟ್ಟಿಗೆಗೆ ಹೋದ. ಒಂದು ಮುದ್ದೆ ಸಗಣಿ ಹಿಡಿದು ಬಂದು, ಬಿಳಿ ಪಂಚೆಯಲ್ಲೇ ಏಣಿ ಹತ್ತಿ, ಕೊಯ್ದ ಗಾಯಕ್ಕೆ ಮೆತ್ತತೊಡಗಿದ.

"ಮೇಲಿನ ಅಂಚಿಗೂ ಹಚ್ಚು, ತೀರ್ಥ. ಮಳೆ ನೀರು ಒಳಗೆ ಇಳೀತದೆ," ಜಗಲಿಯಿಂದಲೇ ಹೇಳಿದಳು ಪ್ರೇಮಾವತಿ.

ಅವನು ಹಚ್ಚಿದ. ಇಳಿದು ಬಂದು, ಅದೇ ಕೈಯಲ್ಲಿ ಅಣ್ಣನ ಚಟ್ಟ ಹಿಡಿದು ಹೆಗಲಿಗೇರಿಸಿಕೊಂಡ.